ಜಾಕಿ ರಾಬಿನ್ಸನ್

ಜಾಕಿ ರಾಬಿನ್ಸನ್ (ಪೂರ್ಣ ಹೆಸರು: ಜ್ಯಾಕ್ ರೂಸ್‌ವೆಲ್ಟ್ ರಾಬಿನ್ಸನ್, ಜನನ: ಜನವರಿ 31, 1919 – ಮರಣ: ಅಕ್ಟೋಬರ್ 24, 1972) ಅಮೆರಿಕ ಸಂಯುಕ್ತ ಸಂಸ್ಥಾನದ ಬೇಸ್‌ಬಾಲ್ ಆಟಗಾರರು ಹಾಗೂ ನಾಗರಿಕ ಹಕ್ಕುಗಳ ಪ್ರತಿಪಾದಕರು. ಇಪ್ಪತ್ತನೆಯ ಶತಮಾನದಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಆಡಿದ ಮೊದಲ ಆಫ್ರಿಕನ್ ಅಮೆರಿಕನ್ ಆಟಗಾರರೆಂದು ಅವರು ಪ್ರಸಿದ್ಧರಾಗಿದ್ದಾರೆ. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ಅವರು ಕಣಕ್ಕಿಳಿದುದರೊಂದಿಗೆ ಆರು ದಶಕಗಳಿಗೆ ಸಮೀಪಿಸಿದ್ದ ಜನಾಂಗೀಯ ನಿರ್ಬಂಧವು ಮುರಿದುಬಿತ್ತು. ಆದರೆ ಆ ದಿನದ ಸ್ಥಾನವನ್ನು ಅವರು ಗಳಿಸಿದ್ದು ಅದಕ್ಕೆ ಮೊದಲಿನ ಎರಡು ವರ್ಷಗಳ ವಸಂತ ತರಬೇತಿ ಶಿಬಿರಗಳಲ್ಲಿ. ಫ್ಲಾರಿಡಾ ಮತ್ತು ಕ್ಯೂಬಾದಲ್ಲಿ ನಡೆದ ಈ ಶಿಬಿರಗಳು ಅವರ ಜೀವನದ ಅತ್ಯಂತ ಕಠಿಣ ಪರೀಕ್ಷೆಗಳಲ್ಲಿ ಸೇರಿವೆ.

ಬಾಲ್ಯ ಮತ್ತು ಶಿಕ್ಷಣ

ರಾಬಿನ್ಸನ್ ಅವರು ಜಾರ್ಜಿಯಾ ರಾಜ್ಯದ ಕೈರೋ ಎಂಬ ಊರಿನ ಸಮೀಪ ಗೇಣಿದಾರ ರೈತ ಕುಟುಂಬದಲ್ಲಿ ಜನಿಸಿದರು. ತಂದೆ ಜೆರ್ರಿ, ತಾಯಿ ಮ್ಯಾಲಿ. ಐವರು ಮಕ್ಕಳಲ್ಲಿ ಇವರೇ ಕಿರಿಯರು. ಇವರು ಹುಟ್ಟುವ ಕೆಲವೇ ದಿನಗಳ ಮೊದಲು ನಿಧನರಾಗಿದ್ದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರ ನೆನಪಿಗಾಗಿ ಇವರ ಹೆಸರಿನಲ್ಲಿ ರೂಸ್‌ವೆಲ್ಟ್ ಎಂಬುದು ಸೇರಿತು. ತಂದೆ ಕುಟುಂಬವನ್ನು ತೊರೆದ ಬಳಿಕ, 1920ರಲ್ಲಿ ತಾಯಿಯು ಮಕ್ಕಳೊಡನೆ ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ನಗರಕ್ಕೆ ವಲಸೆ ಹೋದರು. ಅಲ್ಲಿ ಅವರು ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದರು.

ಅಣ್ಣ ಮ್ಯಾಕ್ ರಾಬಿನ್ಸನ್ 1936ರ ಬರ್ಲಿನ್ ಒಲಿಂಪಿಕ್ಸ್‌ನ 200 ಮೀಟರ್ ಓಟದಲ್ಲಿ ಜೆಸ್ಸಿ ಓವೆನ್ಸ್ ಅವರ ಹಿಂದೆ ಎರಡನೆಯವರಾಗಿ ಬೆಳ್ಳಿ ಪದಕ ಪಡೆದರು. ಜಾಕಿ ಅವರು ಪ್ಯಾಸಡೀನಾ ಜೂನಿಯರ್ ಕಾಲೇಜಿನ ನಂತರ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಅಮೆರಿಕನ್ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಅಥ್ಲೆಟಿಕ್ಸ್ ಮತ್ತು ಬೇಸ್‌ಬಾಲ್ ಎಂಬ ನಾಲ್ಕು ಕ್ರೀಡೆಗಳಲ್ಲಿಯೂ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿ ಮನ್ನಣೆ ಪಡೆದ ಮೊದಲ ವಿದ್ಯಾರ್ಥಿ ಎನಿಸಿದರು. 1940ರಲ್ಲಿ ಉದ್ದ ಜಿಗಿತದಲ್ಲಿ ರಾಷ್ಟ್ರೀಯ ಕಾಲೇಜು ಪ್ರಶಸ್ತಿಯನ್ನೂ ಗೆದ್ದರು. ಈ ನಾಲ್ಕರಲ್ಲಿ ಅವರ ಸಾಧನೆ ಅತಿ ಕಡಿಮೆ ಇದ್ದುದು ಬೇಸ್‌ಬಾಲ್‌ನಲ್ಲಿಯೇ. ಮುಂದೆ ಅವರ ಪತ್ನಿಯಾದ ರೇಚಲ್ ಐಸಮ್ ಅವರ ಪರಿಚಯವಾದದ್ದು ಇದೇ ವಿಶ್ವವಿದ್ಯಾಲಯದಲ್ಲಿ. ಪದವಿ ಪೂರ್ಣಗೊಳ್ಳುವ ಮೊದಲೇ, 1941ರಲ್ಲಿ ಅವರು ವ್ಯಾಸಂಗವನ್ನು ನಿಲ್ಲಿಸಿದರು.

ಸೇನಾ ಸೇವೆ

1942ರಲ್ಲಿ ಕಡ್ಡಾಯ ಸೇವೆಗಾಗಿ ಸೇನೆಗೆ ಸೇರಿದ ರಾಬಿನ್ಸನ್, ಕ್ಯಾನ್ಸಸ್‌ನ ಫೋರ್ಟ್ ರೈಲಿಯಲ್ಲಿ ಅಧಿಕಾರಿ ತರಬೇತಿ ಮುಗಿಸಿ 1943ರ ಜನವರಿಯಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. 1944ರ ಜುಲೈ 6ರಂದು ಟೆಕ್ಸಾಸ್‌ನ ಫೋರ್ಟ್ ಹುಡ್ ನೆಲೆಯ ಬಸ್ಸಿನಲ್ಲಿ ಹಿಂದಿನ ಆಸನಕ್ಕೆ ಹೋಗುವಂತೆ ಚಾಲಕ ಸೂಚಿಸಿದಾಗ ಅವರು ನಿರಾಕರಿಸಿದರು. ಇದರ ಬೆನ್ನಲ್ಲೇ ನಡೆದ ವಿಚಾರಣೆಯ ಸಂದರ್ಭದಲ್ಲಿ ಅವಿಧೇಯತೆ ತೋರಿದರೆಂಬ ಆರೋಪದ ಮೇಲೆ ಅವರನ್ನು ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಲಾಯಿತು. ಆಗಸ್ಟ್ ತಿಂಗಳಲ್ಲಿ ನ್ಯಾಯಾಲಯವು ಅವರನ್ನು ನಿರ್ದೋಷಿ ಎಂದು ಘೋಷಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಅವರು ಗೌರವಪೂರ್ವಕವಾಗಿ ಸೇನೆಯಿಂದ ಬಿಡುಗಡೆ ಹೊಂದಿದರು.

ವರ್ಣರೇಖೆ ಮತ್ತು ಬ್ರಾಂಚ್ ರಿಕಿ ಅವರ ಯೋಜನೆ

1880ರ ದಶಕದ ನಂತರ ಮೇಜರ್ ಲೀಗ್ ತಂಡಗಳು ಕಪ್ಪು ಜನಾಂಗದ ಆಟಗಾರರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಇದಕ್ಕೆ ಲಿಖಿತ ನಿಯಮವೇನೂ ಇರಲಿಲ್ಲ. ತಂಡಗಳ ಮಾಲೀಕರ ನಡುವಿನ ಈ ಮೌನ ಒಪ್ಪಂದವನ್ನು ವರ್ಣರೇಖೆ ಎಂದು ಕರೆಯಲಾಗುತ್ತದೆ. ಕಪ್ಪು ಆಟಗಾರರು ನೀಗ್ರೋ ಲೀಗ್ ಎಂಬ ಹೆಸರಿನ ಪ್ರತ್ಯೇಕ ಪಂದ್ಯಾವಳಿಗಳಲ್ಲಿ ಆಡುತ್ತಿದ್ದರು. ರಾಬಿನ್ಸನ್ ಅವರೂ 1945ರಲ್ಲಿ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡದಲ್ಲಿ ಆಡಿದರು.

ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಅಧ್ಯಕ್ಷ ಬ್ರಾಂಚ್ ರಿಕಿ ಈ ವರ್ಣರೇಖೆಯನ್ನು ಮುರಿಯಲು ಸೂಕ್ತ ಆಟಗಾರನನ್ನು ಹುಡುಕುತ್ತಿದ್ದರು. 1945ರ ಆಗಸ್ಟ್ 28ರಂದು ಅವರು ರಾಬಿನ್ಸನ್ ಅವರನ್ನು ಬ್ರೂಕ್ಲಿನ್‌ನ ತಮ್ಮ ಕಚೇರಿಗೆ ಕರೆಸಿಕೊಂಡು ದೀರ್ಘಕಾಲ ಮಾತನಾಡಿದರು. ಮೈದಾನದಲ್ಲಿಯೂ ಹೊರಗೂ ಎದುರಾಗಬಹುದಾದ ನಿಂದನೆಗಳನ್ನು ರಿಕಿ ತಾವೇ ಅಭಿನಯಿಸಿ ತೋರಿಸಿದರು. ಆರಂಭದ ದಿನಗಳಲ್ಲಿ ಯಾವ ಪ್ರಚೋದನೆಗೂ ಪ್ರತೀಕಾರ ಮಾಡಬಾರದೆಂಬುದು ಅವರ ಷರತ್ತಾಗಿತ್ತು. ರಾಬಿನ್ಸನ್ ಅದಕ್ಕೆ ಒಪ್ಪಿದರು. ಡಾಡ್ಜರ್ಸ್‌ನ ಅಧೀನ ತಂಡವಾದ ಮಾಂಟ್ರಿಯಲ್ ರಾಯಲ್ಸ್‌ಗೆ ಅವರ ಸೇರ್ಪಡೆಯನ್ನು ಅಕ್ಟೋಬರ್ 23ರಂದು ಬಹಿರಂಗಪಡಿಸಲಾಯಿತು.

ವಸಂತ ತರಬೇತಿಯ ಹಿನ್ನೆಲೆ

ಮೇಜರ್ ಲೀಗ್ ಋತುವು ಪ್ರತಿ ವರ್ಷ ವಸಂತದಲ್ಲಿ ಆರಂಭವಾಗುತ್ತದೆ. ಅದಕ್ಕೆ ಮೊದಲಿನ ವಾರಗಳಲ್ಲಿ ಉತ್ತರದ ನಗರಗಳಲ್ಲಿ ಚಳಿ ಇನ್ನೂ ಇರುವುದರಿಂದ ತಂಡಗಳು ಬೆಚ್ಚನೆಯ ದಕ್ಷಿಣ ಪ್ರದೇಶಗಳಿಗೆ ತೆರಳಿ ಅಭ್ಯಾಸ ನಡೆಸುತ್ತವೆ. ಇದನ್ನೇ ಸ್ಪ್ರಿಂಗ್ ಟ್ರೈನಿಂಗ್, ಅಂದರೆ ವಸಂತ ತರಬೇತಿ ಎನ್ನುತ್ತಾರೆ. ಈ ಅವಧಿಯ ಪ್ರದರ್ಶನ ಪಂದ್ಯಗಳ ಫಲಿತಾಂಶವು ಲೀಗ್ ಅಂಕಪಟ್ಟಿಗೆ ಸೇರುವುದಿಲ್ಲ. ಆದರೂ ತಂಡದಲ್ಲಿ ಯಾರು ಉಳಿಯುತ್ತಾರೆ, ಯಾರು ಯಾವ ಸ್ಥಾನದಲ್ಲಿ ಆಡುತ್ತಾರೆ, ಯಾರು ಕೆಳಹಂತದ ತಂಡಕ್ಕೆ ಹೋಗುತ್ತಾರೆ ಎಂಬುದು ಬಹುಮಟ್ಟಿಗೆ ಇಲ್ಲಿ ನಿರ್ಧಾರವಾಗುತ್ತದೆ. ಅಭಿಮಾನಿಗಳಿಗೆ ಇದು ಮುಂಬರುವ ಋತುವಿನ ನಿರೀಕ್ಷೆಯ ಕಾಲ.

ತಂಡಗಳು ಹೆಚ್ಚಾಗಿ ಆರಿಸಿಕೊಳ್ಳುತ್ತಿದ್ದ ಫ್ಲಾರಿಡಾದಲ್ಲಿ ಆಗ ಜನಾಂಗೀಯ ಪ್ರತ್ಯೇಕತೆಯ ಕಾನೂನುಗಳು ಜಾರಿಯಲ್ಲಿದ್ದವು. ಬಸ್ಸು, ಹೋಟೆಲು, ಉಪಾಹಾರ ಗೃಹ ಮತ್ತು ಕ್ರೀಡಾಂಗಣಗಳಲ್ಲಿ ಕಪ್ಪು ಜನರಿಗೂ ಬಿಳಿಯರಿಗೂ ಪ್ರತ್ಯೇಕ ವ್ಯವಸ್ಥೆ ಇತ್ತು. ಹಲವು ಊರುಗಳಲ್ಲಿ ಎರಡೂ ಜನಾಂಗದವರು ಒಂದೇ ಮೈದಾನದಲ್ಲಿ ಆಡಲು ಅವಕಾಶವಿರಲಿಲ್ಲ. ಹೀಗಾಗಿ ರಾಬಿನ್ಸನ್ ಅವರು ಮೊದಲ ಪಂದ್ಯಕ್ಕೆ ಮುನ್ನವೇ, ಆಟಕ್ಕೆ ಸಂಬಂಧವಿಲ್ಲದ ಅಡೆತಡೆಗಳನ್ನು ದಾಟಬೇಕಾಗಿತ್ತು.

1946ರ ಫ್ಲಾರಿಡಾ ಶಿಬಿರ

ರಾಬಿನ್ಸನ್ ಮತ್ತು ರೇಚಲ್ ಅವರ ವಿವಾಹ 1946ರ ಫೆಬ್ರವರಿ 10ರಂದು ಲಾಸ್ ಏಂಜಲೀಸ್‌ನಲ್ಲಿ ನಡೆಯಿತು. ಆ ತಿಂಗಳ ಕೊನೆಯಲ್ಲಿ ನವದಂಪತಿಗಳು ಫ್ಲಾರಿಡಾಕ್ಕೆ ಹೊರಟರು. ನ್ಯೂ ಆರ್ಲಿಯನ್ಸ್‌ನಲ್ಲಿ ಅವರ ವಿಮಾನದ ಆಸನಗಳನ್ನು ಬೇರೆಯವರಿಗೆ ನೀಡಲಾಯಿತು. ಪೆನ್ಸಕೋಲಾದಲ್ಲಿ ಅವರನ್ನು ಮತ್ತೆ ವಿಮಾನದಿಂದ ಇಳಿಸಲಾಯಿತು. ಉಳಿದ ದಾರಿಯನ್ನು ಬಸ್ಸಿನಲ್ಲಿ ಕ್ರಮಿಸಬೇಕಾಯಿತು. ಅಲ್ಲಿಯೂ ಚಾಲಕ ಅವರನ್ನು ಹಿಂದಿನ ಸಾಲಿಗೆ ಕಳುಹಿಸಿದ. ಎರಡು ವರ್ಷಗಳ ಹಿಂದೆ ಇಂಥದೇ ಸೂಚನೆಯನ್ನು ಧಿಕ್ಕರಿಸಿ ಸೇನಾ ನ್ಯಾಯಾಲಯವನ್ನು ಎದುರಿಸಿದ್ದ ರಾಬಿನ್ಸನ್, ಈ ಬಾರಿ ಮಾತಿಲ್ಲದೆ ಎದ್ದು ಹೋದರು. ಶಿಬಿರ ತಲುಪುವ ಮೊದಲೇ ಬಂಧನಕ್ಕೊಳಗಾದರೆ ಇಡೀ ಪ್ರಯತ್ನವೇ ಕುಸಿಯುತ್ತಿತ್ತು.

ರಾಯಲ್ಸ್ ತಂಡವು ಮೊದಲು ಸ್ಯಾನ್‌ಫರ್ಡ್ ಎಂಬ ಊರಿನಲ್ಲಿ ಅಭ್ಯಾಸ ಆರಂಭಿಸಿತು. ರಾಬಿನ್ಸನ್ ಅವರ ಜೊತೆಗೆ ಜಾನ್ ರೈಟ್ ಎಂಬ ಇನ್ನೊಬ್ಬ ಕಪ್ಪು ಆಟಗಾರರೂ ಇದ್ದರು. ಅವರು ಪಿಚರ್, ಅಂದರೆ ಚೆಂಡೆಸೆತಗಾರರು. ಬಿಳಿಯ ಆಟಗಾರರು ಹೋಟೆಲಿನಲ್ಲಿ ತಂಗಿದರೆ, ಇವರಿಗೆ ಸ್ಥಳೀಯ ಕಪ್ಪು ಕುಟುಂಬವೊಂದರ ಮನೆಯಲ್ಲಿ ವಸತಿ ಕಲ್ಪಿಸಲಾಗಿತ್ತು. ಎರಡೇ ದಿನಗಳಲ್ಲಿ ಸ್ಥಳೀಯ ಬಿಳಿಯರಿಂದ ಬೆದರಿಕೆ ಬಂದಿತು. ಪಿಟ್ಸ್‌ಬರ್ಗ್ ಕೊರಿಯರ್ ಪತ್ರಿಕೆಯ ವೆಂಡೆಲ್ ಸ್ಮಿತ್ ಮತ್ತು ಬಿಲ್ಲಿ ರೋ ಅವರು ಇಬ್ಬರನ್ನೂ ಕಾರಿನಲ್ಲಿ ಡೇಟೋನಾ ಬೀಚ್ ನಗರಕ್ಕೆ ಕರೆದೊಯ್ದರು. ಶಿಕ್ಷಣ ತಜ್ಞೆ ಮೇರಿ ಮೆಕ್ಲಿಯಡ್ ಬೆಥೂನ್ ಸ್ಥಾಪಿಸಿದ ಕಾಲೇಜು ಇದ್ದ ಆ ನಗರದಲ್ಲಿ ಕಪ್ಪು ಸಮುದಾಯಕ್ಕೆ ಒಂದಿಷ್ಟು ಪ್ರಭಾವವಿತ್ತು. ಅಲ್ಲಿನ ಜೋ ಹ್ಯಾರಿಸ್ ದಂಪತಿಗಳ ಮನೆಯಲ್ಲಿ ರಾಬಿನ್ಸನ್ ದಂಪತಿಗಳು ತಂಗಿದರು.

ಮೈದಾನದಲ್ಲಿಯೂ ಆರಂಭ ಚೆನ್ನಾಗಿರಲಿಲ್ಲ. ತಮ್ಮ ಸಾಮರ್ಥ್ಯವನ್ನು ಬೇಗ ತೋರಿಸಬೇಕೆಂಬ ಆತುರದಲ್ಲಿ ಅತಿ ಬಿರುಸಾಗಿ ಚೆಂಡೆಸೆದ ರಾಬಿನ್ಸನ್ ಅವರ ತೋಳು ನೋವಿಗೆ ತುತ್ತಾಯಿತು. ಅವರು ಆಡಿ ಅಭ್ಯಾಸವಿದ್ದ ಶಾರ್ಟ್‌ಸ್ಟಾಪ್ ಸ್ಥಾನದಿಂದ ಮೊದಲ ಬೇಸ್‌ಗೆ ದೂರದ ಎಸೆತ ಬೇಕಾಗುತ್ತದೆ. ಆದ್ದರಿಂದ ಎಸೆತದ ದೂರ ಕಡಿಮೆಯಿರುವ ಎರಡನೆಯ ಬೇಸ್ ಸ್ಥಾನವನ್ನು ಅವರು ಹೊಸದಾಗಿ ಕಲಿಯಬೇಕಾಯಿತು. ಅದೇ ಸ್ಥಾನಕ್ಕೆ ಸ್ಪರ್ಧಿಯಾಗಿದ್ದ ಬಿಳಿಯ ಆಟಗಾರ ಲೂ ರೊಶೆಲಿ ಅವರೇ ಅದರ ಸೂಕ್ಷ್ಮಗಳನ್ನು ಹೇಳಿಕೊಟ್ಟರು. ಬ್ಯಾಟಿಂಗ್ ಕೂಡ ಹಲವು ದಿನ ಕೈಕೊಟ್ಟಿತು. ರಿಕಿ ಅವರು ಬದಿಯಲ್ಲಿ ನಿಂತು ಇನ್ನಷ್ಟು ಧೈರ್ಯದಿಂದ ಬೇಸ್‌ಗಳ ನಡುವೆ ಓಡುವಂತೆ ಹುರಿದುಂಬಿಸುತ್ತಿದ್ದರು.

ಮಾರ್ಚ್ 17ರಂದು ಡೇಟೋನಾ ಬೀಚ್‌ನ ಸಿಟಿ ಐಲ್ಯಾಂಡ್ ಮೈದಾನದಲ್ಲಿ ರಾಯಲ್ಸ್ ಮತ್ತು ಡಾಡ್ಜರ್ಸ್ ನಡುವೆ ಪ್ರದರ್ಶನ ಪಂದ್ಯ ನಡೆಯಿತು. ಪ್ರತ್ಯೇಕ ವಿಭಾಗದಲ್ಲಿ ಕಪ್ಪು ಪ್ರೇಕ್ಷಕರು ಕಿಕ್ಕಿರಿದು ಸೇರಿದ್ದರು. ರಾಬಿನ್ಸನ್ ಅಂದು ಬ್ಯಾಟಿಂಗ್‌ನಲ್ಲಿ ಮಿಂಚಲಿಲ್ಲ. ಆದರೆ ದಕ್ಷಿಣದ ನೆಲದಲ್ಲಿ ಮೇಜರ್ ಲೀಗ್ ತಂಡವೊಂದರ ಎದುರು ಕಪ್ಪು ಆಟಗಾರರೊಬ್ಬರನ್ನು ಒಳಗೊಂಡ ಮಿಶ್ರ ತಂಡವು ಗಲಭೆಯಿಲ್ಲದೆ ಆಡಿ ಮುಗಿಸಿತು. ಇತರ ನಗರಗಳಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. ಜಾಕ್ಸನ್‌ವಿಲ್‌ನಲ್ಲಿ ತಂಡ ಬಂದಾಗ ಕ್ರೀಡಾಂಗಣಕ್ಕೆ ಬೀಗ ಹಾಕಲಾಗಿತ್ತು. ಡಿಲ್ಯಾಂಡ್‌ನಲ್ಲಿ ದೀಪಗಳು ಕೆಟ್ಟಿವೆಯೆಂಬ ಕಾರಣ ನೀಡಿ, ಹಗಲಿನಲ್ಲಿ ನಡೆಯಬೇಕಿದ್ದ ಪಂದ್ಯವನ್ನು ರದ್ದುಗೊಳಿಸಲಾಯಿತು. ಸ್ಯಾನ್‌ಫರ್ಡ್‌ನಲ್ಲಿ ಪಂದ್ಯ ಆರಂಭವಾದ ಮೇಲೆ ಪೊಲೀಸ್ ಮುಖ್ಯಸ್ಥರು ಮಧ್ಯೆ ಪ್ರವೇಶಿಸಿ ರಾಬಿನ್ಸನ್ ಅವರನ್ನು ಆಟದಿಂದ ಹೊರಗೆ ಕಳುಹಿಸುವಂತೆ ಮಾಡಿದರು.

ಮಾಂಟ್ರಿಯಲ್ ಋತು

1946ರ ಏಪ್ರಿಲ್ 18ರಂದು ಜೆರ್ಸಿ ಸಿಟಿಯಲ್ಲಿ ರಾಯಲ್ಸ್ ತಂಡದ ಋತು ಆರಂಭವಾಯಿತು. ರಾಬಿನ್ಸನ್ ಐದು ಅವಕಾಶಗಳಲ್ಲಿ ನಾಲ್ಕು ಸುರಕ್ಷಿತ ಹೊಡೆತಗಳನ್ನು ಗಳಿಸಿದರು. ಅವುಗಳಲ್ಲಿ ಮೂರು ರನ್ ತಂದ ಒಂದು ಹೋಮ್ ರನ್ ಕೂಡ ಸೇರಿತ್ತು. ಎರಡು ಬೇಸ್‌ಗಳನ್ನು ಕದ್ದರು. ರಾಯಲ್ಸ್ ತಂಡವು 14–1 ಅಂತರದಿಂದ ಗೆದ್ದಿತು.

ಬೇಸ್‌ಬಾಲ್‌ನ ಬ್ಯಾಟಿಂಗ್ ಸರಾಸರಿಯು ಕ್ರಿಕೆಟ್‌ನ ಸರಾಸರಿಗಿಂತ ಭಿನ್ನವಾದುದು. ಬ್ಯಾಟಿಂಗ್‌ನ ಲೆಕ್ಕಕ್ಕೆ ಸೇರುವ ಅವಕಾಶಗಳಲ್ಲಿ ಎಷ್ಟು ಬಾರಿ ಸುರಕ್ಷಿತ ಹೊಡೆತ ಗಳಿಸಿದರೆಂಬ ಅನುಪಾತವನ್ನು ಅದು ಸೂಚಿಸುತ್ತದೆ. .300 ದಾಟಿದವರನ್ನು ಉತ್ತಮ ಬ್ಯಾಟರ್ ಎಂದು ಪರಿಗಣಿಸುತ್ತಾರೆ. ಆ ಋತುವಿನಲ್ಲಿ ರಾಬಿನ್ಸನ್ .349 ಸರಾಸರಿಯೊಡನೆ ಲೀಗ್‌ನಲ್ಲಿ ಮೊದಲಿಗರಾದರು ಮತ್ತು 40 ಬೇಸ್‌ಗಳನ್ನು ಕದ್ದರು. ರಾಯಲ್ಸ್ ತಂಡವು ಕೆಳಹಂತದ ಲೀಗ್‌ಗಳ ಅಂತಿಮ ಸರಣಿಯಲ್ಲಿ ಲೂಯಿವಿಲ್ ತಂಡವನ್ನು ಸೋಲಿಸಿ ಪ್ರಶಸ್ತಿ ಗೆದ್ದಿತು. ಮಾಂಟ್ರಿಯಲ್ ನಗರದ ಜನರು ರಾಬಿನ್ಸನ್ ದಂಪತಿಗಳನ್ನು ಆತ್ಮೀಯವಾಗಿ ಕಂಡರು.

1947ರ ಹವಾನಾ ಶಿಬಿರ

ಫ್ಲಾರಿಡಾದ ಅನುಭವ ಮರುಕಳಿಸದಿರಲೆಂದು ರಿಕಿ ಅವರು 1947ರ ತರಬೇತಿಯನ್ನು ಕ್ಯೂಬಾದ ಹವಾನಾ ನಗರಕ್ಕೆ ಸ್ಥಳಾಂತರಿಸಿದರು. ಅಲ್ಲಿ ಮಿಶ್ರ ತಂಡಗಳ ಆಟ ಹೊಸತೇನಲ್ಲ. ಆದರೆ ಯಾವ ಘರ್ಷಣೆಗೂ ಅವಕಾಶವಾಗಬಾರದೆಂಬ ಎಚ್ಚರಿಕೆಯಿಂದ ರಿಕಿ ತಾವೇ ಕಪ್ಪು ಆಟಗಾರರಿಗೆ ಬೇರೆ ಹೋಟೆಲಿನಲ್ಲಿ ವಸತಿ ಏರ್ಪಡಿಸಿದರು. ರಾಬಿನ್ಸನ್ ಅವರ ಜೊತೆಗೆ ರಾಯ್ ಕ್ಯಾಂಪನೆಲ್ಲಾ ಮತ್ತು ಡಾನ್ ನ್ಯೂಕೊಂಬ್ ಅವರೂ ಅಲ್ಲಿದ್ದರು. ಕಾನೂನಿನ ಒತ್ತಾಯವಿಲ್ಲದ ನಗರದಲ್ಲಿಯೂ ಪ್ರತ್ಯೇಕವಾಗಿ ಇರಬೇಕಾದುದು ರಾಬಿನ್ಸನ್ ಅವರಿಗೆ ನೋವು ತಂದಿತು.

ಶಿಬಿರದ ಅವಧಿಯಲ್ಲಿ ಕೆಲವು ಡಾಡ್ಜರ್ಸ್ ಆಟಗಾರರು ರಾಬಿನ್ಸನ್ ಅವರೊಡನೆ ಆಡುವುದಿಲ್ಲವೆಂದು ಮನವಿ ಪತ್ರವೊಂದನ್ನು ಸಿದ್ಧಪಡಿಸಲು ಮುಂದಾದರು. ಕೆಂಟಕಿ ರಾಜ್ಯದವರಾದ ಪೀ ವೀ ರೀಸ್ ಅದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ತಂಡವು ಪಂದ್ಯಗಳಿಗಾಗಿ ಪನಾಮಾದಲ್ಲಿದ್ದಾಗ ವಿಷಯ ತಿಳಿದ ವ್ಯವಸ್ಥಾಪಕ ಲಿಯೊ ಡ್ಯೂರೋಷರ್, ರಾತ್ರೋರಾತ್ರಿ ಆಟಗಾರರನ್ನು ಎಬ್ಬಿಸಿ ಸಭೆ ಸೇರಿಸಿ ಆ ಪ್ರಯತ್ನವನ್ನು ಹತ್ತಿಕ್ಕಿದರು. ಅಸಮ್ಮತಿ ಇದ್ದವರು ತಂಡ ಬಿಡಬಹುದೆಂದು ರಿಕಿ ಸ್ಪಷ್ಟಪಡಿಸಿದರು.

ಡಾಡ್ಜರ್ಸ್‌ನಲ್ಲಿ ಎರಡನೆಯ ಬೇಸ್ ಸ್ಥಾನ ಎಡ್ಡಿ ಸ್ಟ್ಯಾಂಕಿ ಅವರದಾಗಿತ್ತು. ಆದ್ದರಿಂದ ರಾಬಿನ್ಸನ್ ಈ ಶಿಬಿರದಲ್ಲಿ ಮೊದಲ ಬೇಸ್ ಎಂಬ ಮತ್ತೊಂದು ಹೊಸ ಸ್ಥಾನವನ್ನು ಕಲಿತರು. ಋತು ಆರಂಭಕ್ಕೆ ಕೆಲವೇ ದಿನಗಳಿದ್ದಾಗ, ಏಪ್ರಿಲ್ 10ರಂದು, ಅವರನ್ನು ಡಾಡ್ಜರ್ಸ್ ತಂಡಕ್ಕೆ ಸೇರಿಸಿಕೊಂಡಿರುವುದನ್ನು ಪ್ರಕಟಿಸಲಾಯಿತು.

ಮೇಜರ್ ಲೀಗ್ ಜೀವನ

1947ರ ಏಪ್ರಿಲ್ 15ರಂದು ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್ ಕ್ರೀಡಾಂಗಣದಲ್ಲಿ ಬಾಸ್ಟನ್ ಬ್ರೇವ್ಸ್ ವಿರುದ್ಧ ರಾಬಿನ್ಸನ್ ತಮ್ಮ ಮೊದಲ ಮೇಜರ್ ಲೀಗ್ ಪಂದ್ಯವನ್ನು ಆಡಿದರು. ಸುರಕ್ಷಿತ ಹೊಡೆತ ಸಿಗದಿದ್ದರೂ ಒಂದು ರನ್ ಗಳಿಸಿದರು. ಡಾಡ್ಜರ್ಸ್ 5–3ರಿಂದ ಗೆದ್ದಿತು. ಆ ತಿಂಗಳಲ್ಲಿಯೇ ಫಿಲಡೆಲ್ಫಿಯಾ ತಂಡದ ವ್ಯವಸ್ಥಾಪಕ ಬೆನ್ ಚ್ಯಾಪ್‌ಮನ್ ಮತ್ತು ಅವರ ಆಟಗಾರರು ರಾಬಿನ್ಸನ್ ಅವರನ್ನು ತೀವ್ರವಾಗಿ ನಿಂದಿಸಿದರು. ಕೊಲೆ ಬೆದರಿಕೆಯ ಪತ್ರಗಳೂ ಬಂದವು. ಕೊಟ್ಟ ಮಾತಿನಂತೆ ಅವರು ಪ್ರತ್ಯುತ್ತರ ನೀಡಲಿಲ್ಲ. ಈ ನಿಂದನೆಗಳು ಡಾಡ್ಜರ್ಸ್ ಸಹ ಆಟಗಾರರನ್ನು ಅವರ ಬೆಂಬಲಕ್ಕೆ ನಿಲ್ಲುವಂತೆ ಮಾಡಿದವು. .297 ಸರಾಸರಿ ಮತ್ತು 29 ಬೇಸ್ ಕಳವುಗಳೊಂದಿಗೆ ಋತು ಮುಗಿಸಿದ ಅವರಿಗೆ, ಆ ವರ್ಷ ಮೊದಲ ಬಾರಿಗೆ ನೀಡಲಾದ ಮೇಜರ್ ಲೀಗ್‌ನ ವರ್ಷದ ಹೊಸ ಆಟಗಾರ ಪ್ರಶಸ್ತಿ ಲಭಿಸಿತು.

1948ರಲ್ಲಿ ಡಾಡ್ಜರ್ಸ್ ಸಂಸ್ಥೆಯು ಫ್ಲಾರಿಡಾದ ವೆರೊ ಬೀಚ್‌ನಲ್ಲಿ, ನೌಕಾಪಡೆಯ ಹಳೆಯ ವಾಯುನೆಲೆಯನ್ನು ಬಳಸಿಕೊಂಡು ತನ್ನದೇ ತರಬೇತಿ ಕೇಂದ್ರವನ್ನು ತೆರೆಯಿತು. ಡಾಡ್ಜರ್‌ಟೌನ್ ಎಂದು ಹೆಸರಾದ ಈ ಕೇಂದ್ರದೊಳಗೆ ಎಲ್ಲ ಆಟಗಾರರೂ ಒಟ್ಟಿಗೆ ಉಳಿದು ಒಟ್ಟಿಗೆ ಊಟ ಮಾಡಬಹುದಾಗಿತ್ತು. ಕೇಂದ್ರದ ಹೊರಗಿನ ಪಟ್ಟಣದಲ್ಲಿ ಮಾತ್ರ ಪ್ರತ್ಯೇಕತೆ ಮುಂದುವರಿದಿತ್ತು.

1949ರ ವೇಳೆಗೆ ರಾಬಿನ್ಸನ್ ಅವರು ಮೌನದ ಷರತ್ತಿನಿಂದ ಮುಕ್ತರಾಗಿದ್ದರು. ಆ ವರ್ಷ ತರಬೇತಿ ಮುಗಿಸಿ ಉತ್ತರಕ್ಕೆ ಮರಳುವ ದಾರಿಯಲ್ಲಿ ಡಾಡ್ಜರ್ಸ್ ತಂಡವು ಜಾರ್ಜಿಯಾದ ಅಟ್ಲಾಂಟಾದಲ್ಲಿ ಮೂರು ಪ್ರದರ್ಶನ ಪಂದ್ಯಗಳನ್ನು ಆಡಿತು. ಕು ಕ್ಲಕ್ಸ್ ಕ್ಲಾನ್ ಸಂಘಟನೆಯು ವಿರೋಧಿಸಿದರೂ ಪಂದ್ಯಗಳು ನಡೆದು, ಭಾರಿ ಸಂಖ್ಯೆಯಲ್ಲಿ ಪ್ರೇಕ್ಷಕರು ಸೇರಿದರು. ಹೀಗೆ ರಾಬಿನ್ಸನ್ ತಾವು ಹುಟ್ಟಿದ ರಾಜ್ಯದಲ್ಲಿ ಬಿಳಿಯ ಆಟಗಾರರ ಜೊತೆಯಲ್ಲಿ ಬಹಿರಂಗವಾಗಿ ಆಡಿದರು. ಅದೇ ಋತುವಿನಲ್ಲಿ .342 ಸರಾಸರಿ, 124 ರನ್‌ಗಳಿಗೆ ಕಾರಣವಾದ ಹೊಡೆತಗಳು ಮತ್ತು 37 ಬೇಸ್ ಕಳವುಗಳೊಂದಿಗೆ ನ್ಯಾಷನಲ್ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿಗೆ ಪಾತ್ರರಾದರು.

ಆಟದ ಶೈಲಿ

ಎಸೆತಗಾರ ಚೆಂಡೆಸೆಯುವ ಸಮಯವನ್ನು ನೋಡಿಕೊಂಡು, ಹೊಡೆತದ ನೆರವಿಲ್ಲದೆ ಮುಂದಿನ ಬೇಸ್‌ಗೆ ಓಡಿ ತಲುಪುವುದನ್ನು ಬೇಸ್ ಕಳವು ಎನ್ನುತ್ತಾರೆ. ಹೋಮ್ ರನ್‌ಗಳಿಗೆ ಹೆಚ್ಚು ಬೆಲೆ ಇದ್ದ ಕಾಲದಲ್ಲಿ ರಾಬಿನ್ಸನ್ ಈ ಕಲೆಯನ್ನು ಮತ್ತೆ ಮುನ್ನೆಲೆಗೆ ತಂದರು. ಬೇಸ್‌ನಿಂದ ಮುಂದೆ ಸರಿದು, ಓಡುವಂತೆ ನಟಿಸಿ, ಹಿಂದಕ್ಕೆ ಹಾರಿ ಎಸೆತಗಾರನ ಏಕಾಗ್ರತೆಯನ್ನು ಕೆಡಿಸುತ್ತಿದ್ದರು. ಮೂರನೆಯ ಬೇಸ್‌ನಿಂದ ನೇರವಾಗಿ ಹೋಮ್ ಪ್ಲೇಟ್‌ಗೆ ನುಗ್ಗುವ ಅತಿ ಕಠಿಣವಾದ ಓಟವನ್ನು ಲೀಗ್ ಪಂದ್ಯಗಳಲ್ಲಿ 19 ಬಾರಿ ಸಾಧಿಸಿದರು. 1955ರ ವಿಶ್ವ ಸರಣಿಯ ಮೊದಲ ಪಂದ್ಯದಲ್ಲಿ ನ್ಯೂಯಾರ್ಕ್ ಯಾಂಕೀಸ್ ವಿರುದ್ಧವೂ ಹೀಗೆಯೇ ರನ್ ಗಳಿಸಿದರು. ಆ ಸರಣಿಯಲ್ಲಿ ಡಾಡ್ಜರ್ಸ್ ತಂಡವು ಬ್ರೂಕ್ಲಿನ್‌ಗೆ ಅದರ ಏಕೈಕ ವಿಶ್ವ ಸರಣಿ ಪ್ರಶಸ್ತಿಯನ್ನು ಗೆದ್ದುಕೊಟ್ಟಿತು.

ಡಾಡ್ಜರ್ಸ್ ಪರವಾಗಿ ಹತ್ತು ಋತುಗಳನ್ನು ಆಡಿದ ಅವರ ಬ್ಯಾಟಿಂಗ್ ಸರಾಸರಿ .311. ಈ ಅವಧಿಯಲ್ಲಿ ಅವರು 137 ಹೋಮ್ ರನ್ ಹೊಡೆದು 197 ಬೇಸ್‌ಗಳನ್ನು ಕದ್ದರು. ಆ ಹತ್ತು ವರ್ಷಗಳಲ್ಲಿ ಡಾಡ್ಜರ್ಸ್ ಆರು ಬಾರಿ ನ್ಯಾಷನಲ್ ಲೀಗ್ ಪ್ರಶಸ್ತಿ ಪಡೆಯಿತು.

ನಿವೃತ್ತಿ ಮತ್ತು ಸಾರ್ವಜನಿಕ ಜೀವನ

1956ರ ಡಿಸೆಂಬರ್‌ನಲ್ಲಿ ಡಾಡ್ಜರ್ಸ್ ಅವರನ್ನು ನ್ಯೂಯಾರ್ಕ್ ಜಯಂಟ್ಸ್ ತಂಡಕ್ಕೆ ವರ್ಗಾಯಿಸಿತು. ಆ ವೇಳೆಗೆ ನಿವೃತ್ತಿಗೆ ನಿರ್ಧರಿಸಿದ್ದ ರಾಬಿನ್ಸನ್ ಮತ್ತೊಂದು ವಸಂತ ತರಬೇತಿಗೆ ಹೋಗಲಿಲ್ಲ. ಕಾಫಿ ಉದ್ಯಮವೊಂದರಲ್ಲಿ ಉಪಾಧ್ಯಕ್ಷರಾಗಿ ಸೇರಿದರು. 1962ರಲ್ಲಿ, ಅರ್ಹತೆ ದೊರೆತ ಮೊದಲ ವರ್ಷವೇ, ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. ನಾಗರಿಕ ಹಕ್ಕುಗಳ ಚಳವಳಿಗೆ ನಿಧಿ ಸಂಗ್ರಹಿಸಿದರು. 1963ರ ವಾಷಿಂಗ್ಟನ್ ಮೆರವಣಿಗೆಯಲ್ಲಿ ಪಾಲ್ಗೊಂಡರು. ಹಾರ್ಲೆಮ್‌ನಲ್ಲಿ ಫ್ರೀಡಮ್ ನ್ಯಾಷನಲ್ ಬ್ಯಾಂಕ್ ಸ್ಥಾಪನೆಗೆ ಶ್ರಮಿಸಿದರು.

ಅವರು ಆಟ ನಿಲ್ಲಿಸಿದ ನಂತರವೂ ಫ್ಲಾರಿಡಾದ ಹಲವು ಶಿಬಿರಗಳಲ್ಲಿ ಕಪ್ಪು ಆಟಗಾರರ ವಸತಿ ಪ್ರತ್ಯೇಕವಾಗಿಯೇ ಉಳಿದಿತ್ತು. 1961ರಲ್ಲಿ ಇದರ ವಿರುದ್ಧ ಪತ್ರಿಕೆಯಲ್ಲಿ ದನಿಯೆತ್ತಿದವರಲ್ಲಿ, ಹದಿನೈದು ವರ್ಷಗಳ ಹಿಂದೆ ರಾಬಿನ್ಸನ್ ಅವರನ್ನು ಸ್ಯಾನ್‌ಫರ್ಡ್‌ನಿಂದ ಹೊರಗೆ ಕರೆದೊಯ್ದಿದ್ದ ವೆಂಡೆಲ್ ಸ್ಮಿತ್ ಅವರೇ ಪ್ರಮುಖರು. ನಂತರದ ಕೆಲವು ವರ್ಷಗಳಲ್ಲಿ ಈ ಪದ್ಧತಿ ಕೊನೆಗೊಂಡಿತು.

ನಿಧನ ಮತ್ತು ಸ್ಮರಣೆ

ಮಧುಮೇಹ ಮತ್ತು ಹೃದ್ರೋಗದಿಂದ ಬಳಲುತ್ತಿದ್ದ ರಾಬಿನ್ಸನ್ ಅವರ ದೃಷ್ಟಿ ಕೊನೆಯ ವರ್ಷಗಳಲ್ಲಿ ಬಹಳ ಕುಂದಿತ್ತು. 1971ರಲ್ಲಿ ಹಿರಿಯ ಮಗ ಕಾರು ಅಪಘಾತದಲ್ಲಿ ಮೃತಪಟ್ಟರು. 1972ರ ಅಕ್ಟೋಬರ್ 15ರಂದು ಸಿನ್ಸಿನಾಟಿಯಲ್ಲಿ ನಡೆದ ವಿಶ್ವ ಸರಣಿ ಪಂದ್ಯದ ವೇಳೆ ಅವರನ್ನು ಗೌರವಿಸಲಾಯಿತು. ಆ ಸಂದರ್ಭದಲ್ಲಿಯೂ ಅವರು ಮೇಜರ್ ಲೀಗ್ ತಂಡಗಳಲ್ಲಿ ಕಪ್ಪು ವ್ಯವಸ್ಥಾಪಕರು ಇಲ್ಲದಿರುವುದನ್ನು ಎತ್ತಿ ತೋರಿಸಿದರು. ಒಂಬತ್ತು ದಿನಗಳ ನಂತರ, ಅಕ್ಟೋಬರ್ 24ರಂದು, ಕನೆಕ್ಟಿಕಟ್‌ನ ಸ್ಟ್ಯಾಮ್‌ಫರ್ಡ್‌ನಲ್ಲಿ ತಮ್ಮ 53ನೆಯ ವಯಸ್ಸಿನಲ್ಲಿ ನಿಧನರಾದರು. 1975ರಲ್ಲಿ ಫ್ರ್ಯಾಂಕ್ ರಾಬಿನ್ಸನ್ ಅವರು ಕ್ಲೀವ್‌ಲ್ಯಾಂಡ್ ತಂಡದ ಹೊಣೆ ವಹಿಸಿಕೊಂಡು ಮೇಜರ್ ಲೀಗ್‌ನ ಮೊದಲ ಕಪ್ಪು ವ್ಯವಸ್ಥಾಪಕರಾದರು.

1997ರಲ್ಲಿ, ಮೊದಲ ಪಂದ್ಯದ ಐವತ್ತನೆಯ ವರ್ಷದಂದು, ರಾಬಿನ್ಸನ್ ಧರಿಸುತ್ತಿದ್ದ 42ನೆಯ ಸಂಖ್ಯೆಯನ್ನು ಎಲ್ಲ ಮೇಜರ್ ಲೀಗ್ ತಂಡಗಳಲ್ಲಿಯೂ ನಿವೃತ್ತಗೊಳಿಸಲಾಯಿತು. 2004ರಿಂದ ಏಪ್ರಿಲ್ 15ನ್ನು ಜಾಕಿ ರಾಬಿನ್ಸನ್ ದಿನವಾಗಿ ಆಚರಿಸಲಾಗುತ್ತಿದೆ. ಈಗ ಆ ದಿನ ಎಲ್ಲ ತಂಡಗಳ ಆಟಗಾರರೂ 42ನೆಯ ಸಂಖ್ಯೆಯ ಅಂಗಿ ಧರಿಸಿ ಆಡುತ್ತಾರೆ. 1946ರ ಪಂದ್ಯ ನಡೆದ ಡೇಟೋನಾ ಬೀಚ್‌ನ ಮೈದಾನಕ್ಕೆ ಜಾಕಿ ರಾಬಿನ್ಸನ್ ಬಾಲ್‌ಪಾರ್ಕ್ ಎಂದು ಹೆಸರಿಡಲಾಗಿದ್ದು, ಅಲ್ಲಿ ಅವರ ಪ್ರತಿಮೆಯೂ ಇದೆ. ವೆರೊ ಬೀಚ್‌ನ ಹಳೆಯ ತರಬೇತಿ ಕೇಂದ್ರಕ್ಕೆ 2019ರಲ್ಲಿ ಅವರ ಹೆಸರನ್ನು ನೀಡಲಾಯಿತು.